ಮಷೀನಿಗೆ ಹೇಳಿದ ಮದ್ದು

ಬಾಗಲಕೋಟೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ಮಾಹಿತಿ ಶೋಧನೆಯ ಪ್ರಯೋಗಾಲಯವೆಂದರೆ ಎರಡು ಕೋಣೆ, ಕಂಪ್ಯೂಟರ್ ಓದಲೆಂದು ಕಾರ್ಡಿಗೆ ತೂತು ಹಾಕುವ ಒಂದು ಯಂತ್ರ, ನಾಲ್ಕು ಕಬ್ಬಿಣದ ಕಪಾಟು. ಕಂಪ್ಯೂಟರ್ ಇದ್ದದ್ದು ಒಂದು ಹಗಲಿನ ರೈಲುದಾರಿಯ ಆಚೆ, ಮುಖ್ಯ ಕ್ಯಾಂಪಸ್ಸಿನಲ್ಲಿ. ಆದರೂ ಹುನಗುಂದದ ನಮ್ಮ ಓಣಿಯಲ್ಲಿ ನಾನು ಕಂಪ್ಯೂಟರ್ ನಡೆಸುವವಳೆಂದೇ ಸುದ್ದಿ. ಅಲ್ಪನಿಗೆ ಐಶ್ವರ್ಯ ಬಂದ ಹಾಗೆ, ನಾನೂ ಕೊಡೆ ಹಿಡಿದು ಮೆರೆದೆ. ಯಾರನ್ನೂ ತಿದ್ದಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಹಳ್ಳಿಗಳ ದನ, ಕುರಿಗಳ ಮದ್ದನ್ನೆಲ್ಲ ಕೂಡಿಸಿ, ರೋಗ ಕೇಳಿದರೆ ಮದ್ದು ಹೊರಬರುವಂತೆ ಮಾಡುವುದು ನಮ್ಮ ಸಂಶೋಧನೆ. ತುಳಸಿಗೇರಿ, ಕಮತಗಿ ತಿರುಗಿ ನಾನು ಬೇವೂರಿಗೆ ಹೋದೆ. ಅಲ್ಲಿ ಒಬ್ಬ ಮುದುಕ ಕುರಿಗಾರರಿದ್ದರು. ಕುರಿಗಳ ಗಂಟಲು ಬಾವು ರೋಗಕ್ಕೆ ಅವರ ಮದ್ದು ಸುತ್ತ ಹತ್ತೂರಿಗೆ ಹೆಸರಾಗಿತ್ತು. ಆದರೆ ಅವರ ಮನೆತನದಲ್ಲೊಂದು ಕಟ್ಟಳೆ ಇತ್ತು: ಮದ್ದನ್ನು ಒಬ್ಬರಿಗೆ ಮಾತ್ರ ಹೇಳಬೇಕು. ಅದೇ ಬಾಯಿಂದ ಎರಡನೆಯವರ ಕಿವಿಗೆ ಬಿದ್ದರೆ ಗುಣ ಹೋಗುತ್ತದೆ. ಹೇಳಿದವರೂ ಮತ್ತೆ ಅದನ್ನು ಮುಟ್ಟುವಂತಿಲ್ಲ, ಮುಂದೆ ದಾಟಿಸುವುದು ಕೇಳಿದವರ ಪಾಲು.

"ಮಗಗ ಹೇಳಬೇಕಂತ ಇಟ್ಟೀನ್ರಿ ಅಕ್ಕಾರ. ಅಂವಾ ಕುರಿ ಹೊಡಕೊಂಡು ದೂರ ಹೋಗ್ಯಾನ" ಎಂದರು.

"ಮಷೀನಿಗೆ ಹೇಳ್ರಿ ಅಜ್ಜಾರ. ಅದು ಮರಿಯೂದಿಲ್ಲ, ಸಾಯೂದಿಲ್ಲ. ನಿಮ್ಮ ಮಗ ಯಾವಾಗ ಬಂದು ಕೇಳಿದ್ರೂ ಹೇಳತೇತಿ" ಎಂದೆ.

ಅವರಿಗೆ ಕೆಮ್ಮು ಜೋರಾಗಿತ್ತು. ಮಗ ಬರುವವರೆಗೆ ಇರುತ್ತೇನೋ ಇಲ್ಲವೋ ಎಂಬ ಅಂಜಿಕೆ ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಬೀರಪ್ಪನ ಗುಡಿಯ ಕಡೆ ಕೈಮುಗಿದು, ನನ್ನನ್ನು ಹೊಲದ ಬದುವಿಗೆ ಕರೆದೊಯ್ದು, ಒಂದು ಬಳ್ಳಿ ಕಿತ್ತು ತೋರಿಸಿ ಹೆಸರು ಹೇಳಿದರು. ಚೀಟಿಯಲ್ಲಿ ಬರೆದುಕೊಂಡು, ಗೆದ್ದ ಹುಮ್ಮಸ್ಸಿನಲ್ಲಿ ಬಸ್ಸು ಹತ್ತಿದೆ.

ಕಾರ್ಡಿನಲ್ಲಿ ಕನ್ನಡ ಕೂರುತ್ತಿರಲಿಲ್ಲ. ಊರು, ಪ್ರಾಣಿ, ರೋಗ, ಗಿಡ, ಎಲ್ಲಕ್ಕೂ ಒಂದೊಂದು ಅಂಕಿ. ಗಿಡಗಳ ಪಟ್ಟಿಯನ್ನು ನಮ್ಮ ಪ್ರೊಫೆಸರರು ಯಾವುದೋ ದಪ್ಪ ಪುಸ್ತಕ ನೋಡಿ ಮಾಡಿದ್ದರು. ಅದರಲ್ಲಿ ಇಲ್ಲದ ಗಿಡಕ್ಕೆಲ್ಲ ತೊಂಬತ್ತೊಂಬತ್ತು, ಅಂದರೆ 'ಇತರೆ'. ಅಜ್ಜನ ಬಳ್ಳಿ ಪಟ್ಟಿಯಲ್ಲಿರಲಿಲ್ಲ. ಒಂದು ಕ್ಷಣ ಕೈ ತಡೆಯಿತು. ಮುಂದೆ ಚೀಟಿಗಳ ಕಟ್ಟು ಕಾದಿತ್ತು. ತೊಂಬತ್ತೊಂಬತ್ತು ಒತ್ತಿ ಮುಂದಿನದಕ್ಕೆ ಹೋದೆ. ಕಾರ್ಡಿಗೆ ಇಳಿಸಿದ ಚೀಟಿಗಳನ್ನು ಜಾಗವಿಲ್ಲವೆಂದು ರದ್ದಿಗೆ ಹಾಕುವುದು ನಮ್ಮ ಪದ್ಧತಿ.

ಮೂರು ವರ್ಷದ ಮೇಲೆ ಆ ಅಜ್ಜನ ಮಗ ಪ್ರಯೋಗಾಲಯದ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು ನಿಂತ.

"ಅಪ್ಪ ಸಾಯೂಮುಂದೂ ನನಗ ಹೇಳಲಿಲ್ರಿ. 'ಬಾಗಲಕೋಟಿ ಅಕ್ಕಾರಿಗೆ ಕೊಟ್ಟೀನಿ, ಅಲ್ಲೇ ಹೋಗಿ ಇಸಕೋ' ಅಂದ್ರು. ಈಗ ಕುರಿಗೆ ಗಂಟಲು ಬಾವು ಬಂದೈತ್ರಿ, ದವಾಖಾನಿ ಸೂಜಿ ಎರಡು ಸಲ ಮಾಡಿಸೀನಿ. ದಿನಾ ಒಂದೊಂದು ಕುರಿ ಬೀಳಾಕತ್ಯಾವ್ರಿ."

ಬಳ್ಳಿಯನ್ನು ನೆನೆಯಲು ತಲೆ ಕೆದಕಿದೆ. ಮುದುಕರ ಉಗುರಿನೊಳಗಿನ ಮಣ್ಣು ನೆನಪಾಯಿತು, ಬಳ್ಳಿ ಆಗಲಿಲ್ಲ. ಏನು ಒತ್ತಿದ್ದೆನೆಂಬುದೂ ಮರೆತಿತ್ತು. "ಮಷೀನಿನಾಗ ಐತಿ, ತರ್ತೇನಿ" ಎಂದು ಧೈರ್ಯ ಹೇಳಿ, ಪ್ರಶ್ನೆಯ ಕಾರ್ಡು ತೂತು ಹಾಕಿಕೊಂಡು ರೈಲು ಹತ್ತಿದೆ.

ಮುಖ್ಯ ಕ್ಯಾಂಪಸ್ಸಿನಲ್ಲಿ ಕೋಣೆ ತಂಪು ಮಾಡುವ ಯಂತ್ರ ಕೆಟ್ಟು, ಕಂಪ್ಯೂಟರಿಗೆ ರಜೆ. ಮೂರು ದಿನ ಕಾರ್ಡು ಕೊಡುವ ಕಿಟಕಿಯ ಮುಂದೆ ಕುಳಿತೆ. ಬೇವೂರಿನಲ್ಲಿ ದಿನಕ್ಕೊಂದರಂತೆ ಸಾಯುವ ಕುರಿಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನಾಲ್ಕನೆಯ ದಿನ ಅಗಲವಾದ ಕಾಗದ ಹೊರಬಂತು. ಬೇವೂರಿನ ಅಂಕಿ ಇತ್ತು, ಕುರಿಯದಿತ್ತು, ಗಂಟಲು ಬಾವಿನದಿತ್ತು. ಗಿಡದ ಜಾಗದಲ್ಲಿ 99. ಯಂತ್ರ ಏನನ್ನೂ ಮರೆತಿರಲಿಲ್ಲ. ನಾನು ಕೊಟ್ಟದ್ದನ್ನೇ ತಿರುಗಿ ಕೊಟ್ಟಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬೇವೂರಿಗೆ ಹೋದಾಗ ಕುರಿದೊಡ್ಡಿ ಅರ್ಧ ಖಾಲಿಯಾಗಿತ್ತು. ಅವನು ಕೈ ಒರೆಸಿಕೊಂಡು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದ. ಓದು ಬಾರದು.

"ಇದರಾಗ ಅಪ್ಪ ಹೇಳಿದ್ದು ಯಾವದ್ರಿ?"

ಎರಡು ಒಂಬತ್ತುಗಳ ಮೇಲೆ ಬೆರಳಿಟ್ಟೆ.

"ಏನಂತೈತ್ರಿ?"

"ಏನೂ ಇಲ್ಲ. ಹೆಸರು ಬರದಿದ್ದ ಚೀಟಿ ನಾನ ಒಗದೀನಿ. ಈಗ ಅದು ಎಲ್ಲೂ ಇಲ್ಲ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಕಾಗದವನ್ನು ಬಂದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟ.

"ನೀವು ಬಂದು ಹೋದ ಹದಿನೈದ ದಿನಕ್ಕ ನಾ ಮನಿಗೆ ಬಂದಿದ್ನಿರಿ" ಎಂದ. "ಅಪ್ಪ ಕಾಯಬೇಕಾಗಿತ್ತು."