ಮಗನ ದೇಹ ಕೇಳಲು ಬಂದ ಮುದುಕ

ಗೆಳೆಯರೇ, ಇವತ್ತು ಮಧ್ಯಾಹ್ನ ಎನ್.ಆರ್. ಪುರದ ಅಕ್ಕನ ಮನೆಯಲ್ಲಿ ಭಾವ ಇಂಗ್ಲಿಷ್ ಸಿನಿಮಾವೊಂದರ ಸಿ.ಡಿ. ಹಾಕಿದ್ದರು. ಗ್ರೀಕರ ಪುರಾಣದ ವೀರರ ಕಥೆ, ಕತ್ತಿ ಕಾಳಗವೇ ಹೆಚ್ಚು. ವೀರನೊಬ್ಬ ಶತ್ರು ರಾಜಕುಮಾರನನ್ನು ಕೊಂದು ಹೆಣವನ್ನು ರಥಕ್ಕೆ ಕಟ್ಟಿ ಎಳೆದೊಯ್ದ. ಸತ್ತವನ ಮುದಿ ತಂದೆ ಒಬ್ಬನೇ ಅವನ ಡೇರೆಗೆ ಬಂದ. ಅಷ್ಟರಲ್ಲಿ ಭಾವ ರಿಮೋಟ್ ಎತ್ತಿಕೊಂಡು, "ಇಲ್ಲಿ ಬರೀ ಮಾತು ಮಾರಾಯ, ಫೈಟಿಂಗ್ ಮುಂದಿದೆ," ಎಂದು ದೃಶ್ಯ ಓಡಿಸಿದರು.

"ಓಡಿಸ್ಬೇಡ, ಹಿಂದೆ ಹಾಕು," ಎಂದರು ಬಾಗಿಲ ಬಳಿ ಕೂತಿದ್ದ ಭಾವನ ಚಿಕ್ಕಮ್ಮ. ಹೋದ ವರ್ಷ ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಅವರ ಮಗನ ದೇಹ ಇನ್ನೂ ಸಿಕ್ಕಿಲ್ಲ.

ಭಾವ ದೃಶ್ಯ ಹಿಂದೆ ಹಾಕಿದರು. "ಆ ಮುದುಕ ಎಂತ ಕೇಳ್ತಿದಾನೆ?" ಎಂದರು ಚಿಕ್ಕಮ್ಮ.

"ಮಗನ ದೇಹ," ಎಂದೆ.

"ಕೊಟ್ನಾ?"

"ಕೊಟ್ಟ ಚಿಕ್ಕಮ್ಮ. ಸಂಸ್ಕಾರ ಮುಗಿಯೋ ತನಕ ಯುದ್ಧನೂ ನಿಲ್ಲಿಸ್ತೀನಿ ಅಂದ."

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಅಪ್ಪ ಪುಣ್ಯವಂತ. ಕೇಳಕ್ಕೆ ಎದುರಿಗೆ ಒಬ್ಬ ಮನುಷ್ಯ ಇದ್ದ. ನಾನು ನೀರನ್ನ ಕೇಳಿ ಕೇಳಿ ಸಾಕಾಯ್ತು."

ಭಾವ ರಿಮೋಟ್ ಕೆಳಗಿಟ್ಟು ಅವರ ಪಕ್ಕ ಹೋಗಿ ಕೂತರು. ಆಮೇಲೆ ಟಿ.ವಿ.ಯಲ್ಲಿ ಇಡೀ ಪಟ್ಟಣವೇ ಹೊತ್ತಿ ಉರಿಯಿತು. ಅಷ್ಟು ಖರ್ಚಿನ ಬೆಂಕಿಯನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ.