ಬುತ್ತಿಯಕ್ಕ ಮತ್ತು ಉಣ್ಣದ ಹೆಬ್ಬಾವು

ಮೃಗಾಲಯದ ಹಿಂಬದಿಯಲ್ಲಿ, ನೋಡಲು ಬಂದವರ ಕಣ್ಣಿಗೆ ಬೀಳದ ಕಡೆ, ಪ್ರಾಣಿಗಳ ಅಡುಗೆಮನೆ ಇತ್ತು. ಉದ್ದನೆಯ ಕಲ್ಲುಕಟ್ಟೆ, ತೂಕದ ಯಂತ್ರ, ಗೋಡೆಗೆ ಒರಗಿಸಿದ ಬಕೆಟ್ಟುಗಳು. ಅಲ್ಲಿ ಹೆಚ್ಚಿ, ಕೊಚ್ಚಿ, ತುಂಬಿ ಕಳಿಸುತ್ತಿದ್ದವಳನ್ನು ಎಲ್ಲರೂ ಬುತ್ತಿಯಕ್ಕ ಎನ್ನುತ್ತಿದ್ದರು. ಮಕ್ಕಳು ತುಂಬಿದ ಮನೆಯ ಹಿರಿಮಗಳು ಅವಳು. ತಮ್ಮ ತಂಗಿಯರಿಗೆ ಉಣಿಸಿ ಉಣಿಸಿ ಅವಳಲ್ಲೊಂದು ನಂಬಿಕೆ ಬೇರೂರಿತ್ತು: ತಟ್ಟೆ ಖಾಲಿಯಾದರೆ ಪ್ರೀತಿ, ಮಿಕ್ಕರೆ ಮುನಿಸು.

ಹಾಗಾಗಿ ಹೊಸ ಹೆಬ್ಬಾವು ಊಟ ಬಿಟ್ಟಾಗ ಅವಳು ತೀರಾ ಮನಸ್ಸಿಗೆ ಹಚ್ಚಿಕೊಂಡಳು. ವಾರಗಳುರುಳಿದರೂ ಇಟ್ಟ ಕೋಳಿ ಇಟ್ಟ ಹಾಗೇ ವಾಪಸ್ಸು ಬರುತ್ತಿತ್ತು.

"ನಾನೇನಪ್ಪಾ ಮಾಡಿದೆ ನಿಂಗೆ?" ಎಂದು ಗಾಜಿಗೆ ಮೂಗು ತಾಗಿಸಿ ಕೇಳುವಳು. ಹಾವು ಮಿಸುಕದು.

ಇದನ್ನು ಕಂಡ ಪ್ರಾಣಿವೈದ್ಯೆ ನಕ್ಕಳು. "ಅಕ್ಕಾ, ಅದಕ್ಕೆ ಕೋಪ ಇಲ್ಲ, ಹಸಿವೇ ಇಲ್ಲ. ನಾವು ತಿಂದಿದ್ರಲ್ಲಿ ಬಹುಪಾಲು ಮೈ ಬೆಚ್ಚಗಿಡೋಕೇ ಹೋಗತ್ತೆ. ಇದಕ್ಕೆ ಆ ಕೆಲಸ ಬಿಸಿಲೇ ಮಾಡಿಕೊಡತ್ತೆ. ಓಡಲ್ಲ, ಹಾರಲ್ಲ. ಇನ್ನೆಲ್ಲಿಂದ ಹಸಿವು?"

ಬುತ್ತಿಯಕ್ಕ ತಲೆಯಾಡಿಸಿದಳು. ಮಾತು ಕಿವಿಗೆ ಬಿತ್ತೇ ಹೊರತು ಮನಸ್ಸಿಗಿಳಿಯಲಿಲ್ಲ.

ಅದಿಳಿದದ್ದು ಜೋರು ಗಾಳಿ ಬೀಸಿದ ಮರುದಿನ. ಗೂಡಿನಿಂದ ಬಿದ್ದಿದ್ದ, ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿಯ ಮರಿಯೊಂದನ್ನು ತೋಟದವನು ಅಂಗೈಯಲ್ಲಿಟ್ಟುಕೊಂಡು ತಂದ. ವೈದ್ಯೆ ಅದನ್ನು ಬಲ್ಬಿನ ಶಾಖವಿದ್ದ ಪೆಟ್ಟಿಗೆಯಲ್ಲಿಟ್ಟು ಬುತ್ತಿಯಕ್ಕನಿಗೆ ಒಪ್ಪಿಸಿದಳು. "ಕತ್ತಲಾಗೋವರೆಗೂ ಕೊಡ್ತಾನೇ ಇರ್ಬೇಕು ಅಕ್ಕಾ. ತಡ ಆದ್ರೆ ಕೈಬಿಟ್ಟು ಹೋಗತ್ತೆ."

"ಹೆಬ್ಬೆಟ್ಟಿನಷ್ಟೂ ಇಲ್ಲ, ಅದೆಷ್ಟು ತಿಂದೀತು!" ಎಂದುಕೊಂಡಳು ಅವಳು. ತಿನ್ನುವುದನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಳು. ಸಕ್ಕರೆ ನೀರು, ಅರೆದ ಹುಳು, ಮತ್ತೆ ಸಕ್ಕರೆ ನೀರು. ಕೊಟ್ಟು ತಿರುಗುವಷ್ಟರಲ್ಲಿ ಮತ್ತೆ ಚಿಂವ್ ಚಿಂವ್.

ಒಂದು ಮಧ್ಯಾಹ್ನ ಆನೆಯ ಮೇವಿನ ಲಾರಿ ಬಂತು. ಇಳಿಸಿ, ತೂಗಿಸಿ ಓಡೋಡಿ ಬಂದರೆ ಪೆಟ್ಟಿಗೆಯ ಬಲ್ಬು ಕೆಟ್ಟಿದೆ, ಮರಿ ಕಣ್ಣು ಮುಚ್ಚಿ ಮುದುಡಿ ಬಿದ್ದಿದೆ. ಮುಟ್ಟಿದರೆ ತಣ್ಣಗೆ. ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಸಿರಿನಿಂದ ಕಾಯಿಸಿದಳು. ಒಂದಿಷ್ಟು ಬೆಚ್ಚಗಾದ ಮೇಲೆ ಕೊಕ್ಕಿನ ತುದಿಗೆ ಸಕ್ಕರೆ ನೀರಿನ ಹನಿ ತಾಗಿಸಿದಳು. ಏನೂ ಇಲ್ಲ. ಮತ್ತೊಂದು ಹನಿ. ದಾರದೆಳೆಯಂಥ ನಾಲಿಗೆ ಹೊರಬಂದು ಒಳಹೋಯಿತು. ಸ್ವಲ್ಪ ಹೊತ್ತಿಗೆ ಅಂಗೈಯೊಳಗೆ ಯಾರೋ ಹೊಲಿಗೆ ಯಂತ್ರ ಓಡಿಸಿದಂತೆ ಅದರ ಎದೆ ಬಡಿದುಕೊಳ್ಳತೊಡಗಿತು.

"ಅಯ್ಯೋ ನನ್ನವ್ವಾ, ಕೂತಲ್ಲೇ ಉರಿದು ಹೋಗ್ತೀಯಲ್ಲೇ ನೀನು!" ಎಂದಳು. ಕಣ್ಣು ಒದ್ದೆಯಾಗಿತ್ತು. ಒಂದೊಂದು ಒಲೆಯ ಉರಿ ಒಂದೊಂದು ಥರ ಎಂಬುದು ಅವಳಿಗೆ ಆಗ ಮನದಟ್ಟಾಯಿತು. ಹೆಬ್ಬಾವಿನ ಮೇಲಿದ್ದ ಮುನಿಸೂ ಅಂದೇ ಇಳಿಯಿತು.

ಅವಳ ಗಂಡ ದರ್ಜಿ. ಹಗಲೆಲ್ಲ ಕೂತಲ್ಲೇ ಕೆಲಸ, ಕಡ್ಡಿಯಂಥ ಮೈ. ಮದುವೆಯಾದಾಗಿನಿಂದ ಅವಳು ಬಲವಂತವಾಗಿ ಬಡಿಸುತ್ತಿದ್ದ ಎರಡನೆಯ ಸಲದ ಅನ್ನ ಅವಳಿಗೆ ಗೊತ್ತಾಗದಂತೆ ಕಿಟಕಿಯಾಚೆಯ ನಾಯಿಯ ಪಾಲಾಗುತ್ತಿತ್ತು. ಅಂದು ರಾತ್ರಿ ಅವನು "ಸಾಕು" ಎಂದಾಗ ಅವಳು ಸೌಟನ್ನು ಪಾತ್ರೆಗೇ ಹಾಕಿದಳು. ಅವನು ಗಾಬರಿಬಿದ್ದ.

"ಯಾಕೇ, ಮೈ ಹುಷಾರಿಲ್ವಾ? ನನ್ನ ಮೇಲೇನಾದ್ರೂ ಸಿಟ್ಟಾ?"

"ಸಾಕು ಅಂದ್ರಲ್ಲ. ಸಾಕಾದ್ರೆ ಸಾಕು."

ಅವನು ಕಿಟಕಿಯತ್ತ ಒಮ್ಮೆ ನೋಡಿ, ನಾಯಿಯ ವಿಷಯ ಬಾಯಿಬಿಟ್ಟ. ಅವಳು ಬೈಯಲು ಹೊರಟು, ನಗು ತಡೆಯಲಾರದೆ ಅಲ್ಲೇ ಕುಸಿದು ಕೂತಳು. "ಅದಕ್ಕೇನಾ ಅದು ಆಪಾಟಿ ಉಬ್ಬಿರೋದು!"

"ನೀನು ಉಣ್ಣು ಮೊದ್ಲು," ಎಂದು ಅವನು ಅವಳ ತಟ್ಟೆಯನ್ನು ಎಳೆದುಕೊಂಡು ತಾನೇ ಬಡಿಸಿದ. "ಬೆಳಗಿಂದ ನಿಂತೇ ಇದ್ದೀಯ. ಬೇಕಾಗಿರೋದು ನಿಂಗೆ."

ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿಂದು ಅಭ್ಯಾಸವಾದವಳು ಅವಳು. ಬಿಸಿ ಅನ್ನದ ಮುಂದೆ ಕಾಲು ಚಾಚಿ ಕೂತಾಗಲೇ ತನಗೆಷ್ಟು ಹಸಿವಾಗಿದೆಯೆಂದು ತಿಳಿದದ್ದು. ಮೂರು ಸಲ ಹಾಕಿಸಿಕೊಂಡು ಉಂಡಳು. ಅವನು ಎದುರಿಗೆ ಕೂತು, ಬಟ್ಟೆಯ ಅಳತೆ ಹಿಡಿಯುವಷ್ಟೇ ಗಮನವಿಟ್ಟು ನೋಡುತ್ತಿದ್ದ.