ಧರೆಪ್ಪ ಮಗಳಿಗೆ ಛಾಟಣಿ ಮಾಡಿದ ವರ್ಷ

ಧರೆಪ್ಪನ ಧೋತರದ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಅವನು ಕೊನೆಗೆ ಮಾಡಿದ್ದು ಎಷ್ಟು ದೊಡ್ಡ ಕೆಲಸ ಎಂಬುದು ತಿಳಿಯುವುದಿಲ್ಲ. ಕಾಗವಾಡದಿಂದ ಅಥಣಿಗೆ ಹೋಗುವ ರಸ್ತೆಯಲ್ಲಿ ಅವನು ಇಸ್ತ್ರಿ ಧೋತರ ಉಟ್ಟು ಬಸ್ಸಿಗೆ ನಿಂತನೆಂದರೆ, ಎದುರಿಗೆ ಬರುವ ಡ್ರೈವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಮಿರಜ ಸ್ಟೇಶನ್ನಿನಲ್ಲಿ ಅವನನ್ನು ಕಂಡು ಗಾರ್ಡು ಯಾರೋ ನಿಶಾನೆ ಬೀಸಿದರೆಂದು ತಿಳಿದು ಗಾಡಿ ನಿಲ್ಲಿಸಿದನೆಂದೂ ಹೇಳುವವರಿದ್ದಾರೆ. ನಾನು ಕಂಡದ್ದಲ್ಲ, ಆದರೆ ನಂಬಲು ನನಗೇನೂ ತೊಂದರೆಯಿಲ್ಲ. ಹೊಲದಿಂದ ಬಂದ ಮೇಲೆ ಅವನು ಮುಖಕ್ಕೆ ಇಟ್ಟಂಗಿಯ ಚೂರು ಹಾಕಿ ತಿಕ್ಕಿಕೊಳ್ಳುತ್ತಿದ್ದ. ಮೈಮೇಲೆ ಒಂದು ಕಲೆಯಿದ್ದರೂ ಹೊಸ್ತಿಲು ದಾಟುತ್ತಿರಲಿಲ್ಲ.

ಇನ್ನೊಂದು ಹುಚ್ಚು ದ್ರಾಕ್ಷಿಯದು. ಊರೆಲ್ಲ ಕಬ್ಬು ಹಚ್ಚಿ ಕಾರ್ಖಾನೆಯ ದಾರಿ ಕಾಯುತ್ತಿದ್ದಾಗ ಇವನು ತಾಸಗಾಂವದ ಕಡೆಯಿಂದ ದ್ರಾಕ್ಷಿ ಕಡ್ಡಿ ತಂದು ನೆಟ್ಟ. ಅಲ್ಲಿಂದ ಮುಂದೆ ಲೋಕದಲ್ಲಿ ಅವನ ಕಣ್ಣಿಗೆ ಬೀಳುವುದೆಲ್ಲ ಬಳ್ಳಿಯೇ ಆಯಿತು. "ಮನ್ಯಾಗ ಹೆಂಗದಾರ?" ಎಂದು ಕೇಳಿದರೆ "ಚಿಗರ ಬಿಟ್ಟಾವು" ಎನ್ನುತ್ತಿದ್ದ. ಹೆಣ್ಣು ನೋಡಲು ಹೋದಾಗಲೂ ಹುಡುಗಿಯನ್ನು ಏನೂ ಕೇಳಲಿಲ್ಲವಂತೆ, ಮಾವನನ್ನು ಬದಿಗೆ ಕರೆದು "ಮನಿ ಹಿಂದ ನೀರ ನಿಂದರತೈತೇನ್ರಿ?" ಎಂದು ಕೇಳಿದನಂತೆ; ನೀರು ನಿಂತರೆ ಬಳ್ಳಿ ಕೊಳೆಯುತ್ತದಲ್ಲ! ಆ ಹುಡುಗಿಯೇ ರುಕ್ಮವ್ವ. ನೀರು ನಿಲ್ಲದ ಮನೆಯಿಂದ ಬಂದವಳು. ಅವಳ ಮುಂದೆ ಇವನೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಎಂಬತ್ತೆಂಟರ ದಸರೆ ಮುಗಿದಾಗ ಅವರ ಮಗಳು ಸುಂದ್ರವ್ವನ ಎರಡೂ ಗಲ್ಲದ ಮೇಲೆ ಮಾಸಲು ಬಿಳಿ ಮಚ್ಚೆಗಳು ಎದ್ದವು. ರಜೆಯಿಡೀ ಬಿಸಿಲಲ್ಲಿ ಕುಂಟಾಬಿಲ್ಲೆ ಆಡಿ ಕಪ್ಪಾಗಿದ್ದ ಮುಖ. ಮಚ್ಚೆ ಎದ್ದು ಕಾಣುತ್ತಿತ್ತು. ಜ್ವಾಳದ ಹಿಟ್ಟು ಹತ್ತಿರಬೇಕೆಂದು ರುಕ್ಮವ್ವ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಎದುರುಮನೆಯ ಲಕ್ಕವ್ವ ಬಾಗಿಲಿಗೆ ಬಂದು, ಊರಿಗೆಲ್ಲ ಕೇಳುವಷ್ಟು ಸಣ್ಣ ದನಿಯಲ್ಲಿ, "ತೊನ್ನ ಅಲ್ಲಲ್ಲಬೇ ರುಕ್ಮವ್ವಾ?" ಎಂದಳು.

ಶಾಲೆಯಲ್ಲಿ ಹುಡುಗರು ಅಷ್ಟು ದೂರ ಹೋಗಲಿಲ್ಲ. ದ್ರಾಕ್ಷಿ ಎಲೆಗೆ ಬೂದಿ ಉದುರಿಸಿದಂತೆ ಬರುವ ರೋಗಕ್ಕೆ ಆ ಕಡೆ ಭುರಿ ಎನ್ನುತ್ತಾರೆ. ದ್ರಾಕ್ಷಿಯವನ ಮಗಳು, ಗಲ್ಲದ ಮೇಲೆ ಬಿಳಿ. ಹೆಸರು ಹುಡುಕಲು ಕಷ್ಟವೇನು? "ಭುರಿ ಬಂತು, ಭುರಿ ಬಂತು!" ಎಂದು ಕೂಗಿದರು. ಸುಂದ್ರಿ ಅಪ್ಪನ ಮಫ್ಲರು ಕಣ್ಣಿನ ಕೆಳಗಿನಿಂದ ಬಿಗಿದು ಸುತ್ತಿಕೊಂಡಳು. ಉಣ್ಣುವಾಗ ಅದನ್ನು ಒಂದಿಷ್ಟು ಸರಿಸಿ ತುತ್ತು ಒಳಗೆ ನೂಕುವಳು. ಆ ವರ್ಷದ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ನಾಟಕದಲ್ಲಿ ಅವಳನ್ನು ರಾಣಿಯ ಪಾತ್ರಕ್ಕೆ ಆರಿಸಿದ್ದರು. "ನಾ ಒಲ್ಲೆ. ಸಾಲೀಗೂ ಹೋಗೂದಿಲ್ಲ, ನಾಟಕಾನೂ ಬ್ಯಾಡ" ಎಂದು ಮೂಲೆ ಹಿಡಿದಳು.

ಧರೆಪ್ಪನಿಗೆ ಇದು ತಡೆಯಲಾಗಲಿಲ್ಲ. ಮಗಳನ್ನು ಬಿಸಿಲಿಗೆ ಕರೆತಂದ. ಗದ್ದ ಹಿಡಿದು ಮುಖ ಎತ್ತಿ ನೋಡಿದ. ಆಮೇಲೆ ಕಿವಿ ಮಡಚಿ ಹಿಂದುಗಡೆ ನೋಡಿದ. ಎಲೆಯ ರೋಗ ಮೊದಲು ಹಿಂಬದಿಯಲ್ಲಿ ಕಾಣಿಸುತ್ತದಲ್ಲ!

"ಭುರಿನ ಐತಿ" ಎಂದ.

"ನೀನೂ ಹಂಗಽ ಅಂತಿ!" ಎಂದು ಸುಂದ್ರಿ ಅತ್ತಳು.

"ಅಳಬ್ಯಾಡ ಯವ್ವಾ. ಭುರಿ ನನ್ನ ಕೈಯಾಗಿನ ರೋಗ."

ಆ ಸಂಜೆ ಅವಳಿಗೆ ಬಳ್ಳಿಗೆ ಹೊಡೆಯುವ ಗಂಧಕದ ಪುಡಿ ಬಡಿದ. ಸುಂದ್ರಿ ಬೆಂಕಿಪೊಟ್ಟಣದ ವಾಸನೆ ಹೊಡೆಯತೊಡಗಿದಳು. ಓಣಿಯ ಸೊಳ್ಳೆಗಳೆಲ್ಲ ಸಂಸಾರ ಕಟ್ಟಿಕೊಂಡು ಮಹಾರಾಷ್ಟ್ರಕ್ಕೆ ಹೋದವು. ಅವಳ ಹತ್ತಿರ ಬೀಡಿ ಹಚ್ಚಲು ಅಜ್ಜಂದಿರು ಹೆದರಿದರು. ಮಚ್ಚೆ ಮಾತ್ರ ಇದ್ದಲ್ಲೇ ಇತ್ತು. ಚರ್ಮ ಇನ್ನಷ್ಟು ಒಣಗಿತು.

ಔಷಧ ಹತ್ತದಿದ್ದರೆ ದ್ರಾಕ್ಷಿಯವನು ಏನು ಮಾಡುತ್ತಾನೆ? ಗಾಳಿ ಬೆಳಕು ಆಡುತ್ತಿಲ್ಲ ಎನ್ನುತ್ತಾನೆ. ಬಳ್ಳಿಯನ್ನು ಕತ್ತರಿಸಿ ಬಿಡಿಸುತ್ತಾನೆ. ಅದಕ್ಕೆ ಛಾಟಣಿ ಎಂದು ಹೆಸರು. ರುಕ್ಮವ್ವ ಹಿಟ್ಟಿನ ಗಿರಣಿಗೆ ಹೋದ ಹೊತ್ತು ನೋಡಿ, ಧರೆಪ್ಪ ಬಳ್ಳಿಯ ಕತ್ತರಿಯನ್ನೇ ತಂದು ಮಗಳ ಎರಡೂ ಜಡೆಗಳನ್ನು, ಮುಂದಿನ ವರ್ಷ ಒಳ್ಳೆಯ ಫಸಲು ಬರುವಂತೆ, ಬುಡಕ್ಕೆ ಸಮ ಕತ್ತರಿಸಿದ. ಸುಂದ್ರಿಯೂ ಸುಮ್ಮನೆ ಕೂತಳು. ಮಚ್ಚೆ ಹೋಗುತ್ತದೆಂದರೆ ಅವಳು ಕಿವಿಯನ್ನೂ ಕೊಡುತ್ತಿದ್ದಳು.

ರುಕ್ಮವ್ವ ಬಂದಳು. ತಲೆಯ ಮೇಲಿನ ಹಿಟ್ಟಿನ ಡಬ್ಬಿ ಇಳಿಸಲಿಲ್ಲ, ಅದೇ ಇಳಿಯಿತು.

"ಏನ ಮಾಡೀರಿ ಇದು?"

"ಛಾಟಣಿ."

"ಹುಡುಗೀಗಿ?"

"ಗಾಳಿ ಆಡಬೇಕಲ್ಲ..."

"ಮಾರಿ ಮುಚ್ಚಾಕ ಇದ್ದ ಕೂದಲಾನೂ ಕತ್ತರಿಸಿ ಕುಂತೀರಲ್ರೀ! ತಲ್ಯಾಗ ಗಾಳಿ ಆಡೂದು ನಿಮಗ ಬಂದೈತಿ, ಆಕೀಗಲ್ಲ!"

ಸುಂದ್ರಿ ಕನ್ನಡಿ ನೋಡಿಕೊಂಡಳು. ಮಚ್ಚೆ ಈಗ ಹೊಲದ ಬದುವಿನ ಕಲ್ಲಿನಂತೆ ನಾಲ್ಕೂ ದಿಕ್ಕಿನಿಂದ ಕಾಣುತ್ತಿತ್ತು. ಅವಳು ಕೂಗಿ ಅಳಲಿಲ್ಲ. ಮಫ್ಲರನ್ನು ತಲೆಯ ಮೇಲಿಂದಲೂ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಧರೆಪ್ಪನಿಗೆ ಅವಳು ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ರುಕ್ಮವ್ವ ಗಂಡನನ್ನೂ ಮಗಳನ್ನೂ ಮಿರಜದ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಮಫ್ಲರು ಬಿಚ್ಚಿಸಿ ಗಲ್ಲ ಮುಟ್ಟಿ ನೋಡಿ ನಕ್ಕರು.

"ತೊನ್ನಲ್ಲ ಇದು. ಆಗಿದ್ರೂ ಹೆದರೂದೇನಿಲ್ಲ, ಅದು ಯಾರಿಗೂ ಹತ್ತೂದಿಲ್ಲ. ಇದು ಒಣ ಚರ್ಮ. ಬಿಸಲಾಗ ಆಡೂ ಹುಡುಗರಿಗೆ ಬರತೈತಿ, ತಾನಽ ಹೋಗತೈತಿ. ಕೊಬ್ಬರಿ ಎಣ್ಣಿ ಹಚ್ಚರಿ, ಸಾಬಣ ಕಡಿಮಿ ಮಾಡ್ರಿ."

"ಎಷ್ಟ ಸಲ ಹೊಡೀಬೇಕ್ರಿ?" ಎಂದ ಧರೆಪ್ಪ.

"ಏನ ಹೊಡೀತೀರಿ?"

"ಔಷಧ."

"ಔಷಧ ಇಲ್ರಿ. ಸುಮ್ನ ಇರಬೇಕು. ಕೆಲವು ತಿಂಗಳು ಹಿಡೀತೈತಿ." ಡಾಕ್ಟರು ಮೂಗರಳಿಸಿದರು. "ಈ ಹುಡುಗಿ ಯಾಕ ಗಂಧಕ ನಾರತಾಳ?"

ಧರೆಪ್ಪ ಗೋಡೆಯ ಮೇಲಿನ ಕ್ಯಾಲೆಂಡರು ನೋಡತೊಡಗಿದ. ರುಕ್ಮವ್ವ ಎಲ್ಲವನ್ನೂ ಹೇಳಿದಳು, ಏನನ್ನೂ ಬಿಡದೆ.

"ಗಂಧಕ ಬಳ್ಳೀಗಿ, ಎಣ್ಣಿ ಹುಡುಗೀಗಿ" ಎಂದರು ಡಾಕ್ಟರು. "ಅದಲಾಬದಲಿ ಮಾಡಬ್ಯಾಡ್ರಿ."

ಸುಮ್ಮನಿರುವುದು! ಇಡೀ ಮಳೆಗಾಲ ನಿದ್ದೆಗೆಟ್ಟು ಬಳ್ಳಿ ಕಾಯ್ದವನಿಗೆ ಅದಕ್ಕಿಂತ ಕಠಿಣ ಪಥ್ಯವಿಲ್ಲ. ಎಣ್ಣೆ ಹಚ್ಚುವಾಗ ಅವನ ಕೈ ತನ್ನಷ್ಟಕ್ಕೆ ಪಂಪು ಒತ್ತುವಂತೆ ಆಡುತ್ತಿತ್ತು. ಆದರೆ ಗ್ಯಾದರಿಂಗು ಮಚ್ಚೆಗಾಗಿ ಕಾಯುವುದೇ? ಶಾಲೆಯ ಕಮಲಾಬಾಯಿ ಟೀಚರು ಮನೆಗೇ ಬಂದರು. ಮೇಲಿನ ಮಫ್ಲರು ಸರಿಸಿ ಸುಂದ್ರಿಯ ತಲೆ ನೋಡಿ ಬೆಚ್ಚಿದರು. ಮತ್ತೆ ನೋಡಿ ಕಣ್ಣರಳಿಸಿದರು.

"ರಾಣಿ ಪಾರ್ಟು ಹೋತು ಬಿಡು. ನಮ್ಮ ಫೌಜದಾರ ಪಾರ್ಟಿನ ಹುಡುಗ ಮಾತ ಮರೀತಾನ. ಈ ಕಟಿಂಗಿಗೆ ಟೊಪಗಿ ಇಟ್ರ ಪೋಲೀಸರಽ ಎದ್ದ ಸಲಾಂ ಹೊಡೀತಾರ! ಬರತೀಯೇನು?"

ಮಫ್ಲರಿನ ಮೇಲೆ ಕಣ್ಣುಗಳು ಒಮ್ಮೆ ಮಿಂಚಿದವು. ಫೌಜದಾರನ ಮಾತನ್ನೆಲ್ಲ ಬಾಯಿಪಾಠ ಮಾಡಿದಳು, ಗೋಡೆಗೆ ಒಪ್ಪಿಸಿದಳು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಗ್ಯಾದರಿಂಗಿನ ದಿನ ಬೆಳಗ್ಗೆ ಮೋಡ ಕವಿಯಿತು. ಮೋಡ ಕಂಡರೆ ದ್ರಾಕ್ಷಿಯವನು ಮಗಳ ಮದುವೆಯಿದ್ದರೂ ತೋಟಕ್ಕೆ ಓಡುತ್ತಾನೆ. ಧರೆಪ್ಪ ಮೈಲುತುತ್ತ, ಸುಣ್ಣ ಕಲಸಿದ ನೀರನ್ನು ಬಳ್ಳಿಗೆಲ್ಲ ಹೊಡೆದು ಮಧ್ಯಾಹ್ನ ಮನೆಗೆ ಬಂದ. ಮುಖ, ಕಿವಿ, ಮೀಸೆ, ಬನಿಯನ್ನು ಎಲ್ಲ ಕಡೆ ನೀಲಿ ಬೆರೆತ ಬಿಳಿ ಚುಕ್ಕೆ. ಹಗ್ಗದ ಮೇಲೆ ಇಸ್ತ್ರಿ ಧೋತರ ಹೊಳೆಯುತ್ತಿತ್ತು. ಅವನು ಇಟ್ಟಂಗಿ ಚೂರು ಹಿಡಿದು ಬಚ್ಚಲಿಗೆ ಹೊರಟ.

"ಅಪ್ಪಾ" ಎಂದಳು ಬಾಗಿಲಲ್ಲಿ ಕೂತ ಸುಂದ್ರಿ. "ನಿನ್ನ ಮಾರೀನೂ ನನ್ನಂಗ ಆಗೇತಿ."

"ಇದೇನ ಯವ್ವಾ, ತೊಳದರ ಹೋಗತೈತಿ."

"ನಂದು ಹೋಗೂದಿಲ್ಲ. ನೀನೂ ತೊಳೀಬ್ಯಾಡ. ಹಿಂಗಽ ಬಂದ ಮುಂದಿನ ಸಾಲಿನ್ಯಾಗ ಕುಂದ್ರು. ಅಂದ್ರ ನಾ ಫೌಜದಾರ ಆಗತೇನಿ."

ಧರೆಪ್ಪ ಹಗ್ಗದ ಮೇಲಿನ ಧೋತರದ ಕಡೆ ನೋಡಿದ. ಅಥಣಿಯಿಂದ ಪಾವಣ್ಯಾರು, ಎಂದರೆ ಗ್ಯಾದರಿಂಗಿನ ಅತಿಥಿಗಳು, ಬರುತ್ತಾರೆ. ನೆಂಟರೂ ಇರುತ್ತಾರೆ.

"ಧೋತರನರ ಉಟ್ಕೊಳ್ಳೇನು?"

"ಬ್ಯಾಡ. ಹಿಂಗಽ."

ಒಳಗಿನಿಂದ ರುಕ್ಮವ್ವ, "ಛಾಟಣಿ ಮಾಡಬೇಕಾದ್ರ ಆಕೀನ್ನ ಕೇಳಿದ್ರೇನು? ಈಗ ನಡೀರಿ" ಎಂದಳು.

ಅವನು ಇಟ್ಟಂಗಿ ಚೂರನ್ನು ಕೆಳಗಿಟ್ಟ.

ಶಾಲೆಯ ಅಂಗಳದಲ್ಲಿ ಧರೆಪ್ಪ ಕಾಲಿಟ್ಟಾಗ ಕಬ್ಬಿನ ಗಾಡಿಯ ಎತ್ತುಗಳೂ ಹೊರಳಿ ನೋಡಿದವಂತೆ. ಹುಡುಗರು ಕೇಕೆ ಹಾಕಿದರು: "ಧರೆಪ್ಪ ಮಾವಾ, ನಿಮಗೂ ಭುರಿ ಬಂತೇನ್ರೀ?"

"ಬಂದೈತಿ. ಎಣ್ಣಿ ಹಚ್ಚಿದ್ರ ಹೋಗತೈತಂತ, ಡಾಕ್ಟರ ಹೇಳ್ಯಾರ" ಎಂದು ಅವನು ಪಾವಣ್ಯಾರ ಪಕ್ಕದ ಕುರ್ಚಿಯಲ್ಲಿ ಕೂತ. ಪಾವಣ್ಯಾರು ತಮ್ಮ ಕುರ್ಚಿಯನ್ನು ಒಂದಿಷ್ಟು ಸರಿಸಿಕೊಂಡರು.

ಪರದೆ ಎದ್ದಿತು. ಟೊಪಗಿ, ಕೈಯಲ್ಲಿ ಬೆತ್ತ, ಮಫ್ಲರಿಲ್ಲದ ಬರಿಯ ಮುಖ. ಫೌಜದಾರ ಬಂದ. ಹುಡುಗರು ಬಾಯಿ ತೆರೆಯುವ ಮೊದಲೇ ಆ ಫೌಜದಾರ ನಾಟಕದ ಕಳ್ಳನನ್ನು ಬಿಟ್ಟು ರಂಗದ ಅಂಚಿಗೆ ನಡೆದು, ಟೀಚರು ಬರೆದುಕೊಟ್ಟಿರದ ಮಾತೊಂದನ್ನು ಗುಡುಗಿದ:

"ಯಾರಲೇ ಅಂವಾ, ಮಾರಿ ತೊಳೀದಽ ಮುಂದ ಕುಂತಾಂವಾ? ಎದ್ದ ನಿಂದ್ರು!"

ಧರೆಪ್ಪ ಎದ್ದು ನಿಂತ.

"ಏನ ತಪ್ಪ ಮಾಡೀದಿ?"

"ತಪ್ಪಾತ್ರಿ ಸಾಹೇಬ್ರ" ಎಂದ ಧರೆಪ್ಪ ಕೈ ಮುಗಿದು. "ಕೇಳದ ಕತ್ತರಿ ಹಾಕೀನ್ರಿ. ಇನ್ನ ಹಾಕೂದಿಲ್ರಿ."

"ಕುಂದ್ರು. ಈ ಸಲ ಬಿಟ್ಟೇನಿ."

ಅಂಗಳ ನಕ್ಕ ನಗೆಗೆ ಶಾಲೆಯ ಹೆಂಚು ಸರಿಯಿತೆಂದೂ, ಆ ವರ್ಷದ ಸೋರಿಕೆಗೆಲ್ಲ ಅದೇ ಕಾರಣವೆಂದೂ ಹೆಡ್‌ಮಾಸ್ತರು ಇವತ್ತಿಗೂ ಹೇಳುತ್ತಾರೆ. ಭುರಿ ಎಂದು ಕೂಗುತ್ತಿದ್ದ ಹುಡುಗರು ಮರುದಿನದಿಂದ "ಫೌಜದಾರ ಬಂದ" ಎಂದು ಓಡತೊಡಗಿದರು. ಮಫ್ಲರು ಧರೆಪ್ಪನ ಕೊರಳಿಗೆ ಮರಳಿತು. ಮಚ್ಚೆ ಯಾವಾಗ ಹೋಯಿತೆಂದು ಕೇಳಬೇಡಿ. ಮುಂದಿನ ಮಳೆಗಾಲದಲ್ಲಿ ಲಕ್ಕವ್ವ ಹುಡುಕಿದಾಗ ಇರಲಿಲ್ಲ. ಸುಂದ್ರಿ ಅಷ್ಟರಲ್ಲಿ ನೋಡಿಕೊಳ್ಳುವುದನ್ನೇ ಬಿಟ್ಟಿದ್ದಳು.

ಆಮೇಲೆ ಯಾರ ಮಗುವಿನ ಗಲ್ಲ ಬೆಳ್ಳಗಾದರೂ ಧರೆಪ್ಪನ ಬಳಿ ಕರೆತರುತ್ತಿದ್ದರು. ಅವನು ಬಿಸಿಲಿಗೆ ನಿಲ್ಲಿಸಿ ಗದ್ದ ಎತ್ತಿ ನೋಡುವನು. ಕಿವಿಯ ಹಿಂದುಗಡೆ ನೋಡುವುದನ್ನಂತೂ ಬಿಡಲಿಲ್ಲ. ಆಮೇಲೆ ಜಂತಿಯಲ್ಲಿ ಎತ್ತರಕ್ಕೆ ರುಕ್ಮವ್ವ ತೂಗಹಾಕಿದ್ದ ಕತ್ತರಿಯ ಕಡೆಗೊಮ್ಮೆ ಕಣ್ಣು ಹಾಯಿಸಿ, "ಮಿರಜಕ್ಕ ಒಮ್ಮಿ ತೋರಿಸ್ರಿ. ಎಣ್ಣಿ ಹಚ್ಚರಿ. ಜಡಿ ಮುಟ್ಟಬ್ಯಾಡ್ರಿ" ಎನ್ನುವನು.